ಸಲಾಡ್ ಬೋಗುಣಿಯಲ್ಲಿ ಮುಳುಗಿದ ನವಿಲು

ಎರಡು ವಾರದ ಹಿಂದೆ, ಒಂದು ಶನಿವಾರ ಮಧ್ಯಾಹ್ನ, ನಮ್ಮ ಮನೆಯ ಸಲಾಡ್ ಬೋಗುಣಿಯಲ್ಲಿ ಒಂದು ನವಿಲು ಮುಳುಗಿಹೋಯಿತು.

ಗಾಬರಿಯಾಗಬೇಡಿ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ನವಿಲು ಸಾಕುವ ಹುಚ್ಚು ನಮಗಿಲ್ಲ. (ಬೆಕ್ಕು ಸಾಕುವ ಮಾತುಕತೆಯೇ ಮನೆಯಲ್ಲಿ ಮೂರು ಸಲ ಮುರಿದುಬಿದ್ದಿದೆ.) ಇದು ರಂಗೋಲಿಯ ನವಿಲು. ನೀರಿನ ಮೇಲೆ ಬಿಡಿಸಿದ್ದು. ಬಿಡಿಸಿದವರು ನಮ್ಮತ್ತೆ ಸರೋಜಮ್ಮ.

ನೀರಿನ ಮೇಲಿನ ರಂಗೋಲಿ ನೋಡಿದ್ದೀರಲ್ಲವೇ? ಅಗಲವಾದ ಪಾತ್ರೆಗೆ ನೀರು ತುಂಬಿ, ಅಲುಗಾಡದಂತೆ ಇಟ್ಟು, ಬಟ್ಟೆಯಲ್ಲಿ ಕಟ್ಟಿದ ಇದ್ದಿಲ ಪುಡಿಯನ್ನು ಮೆಲ್ಲಗೆ ತಟ್ಟುತ್ತಾ ಉದುರಿಸಬೇಕು. ನೀರಿನ ಮೇಲೆ ಕಪ್ಪು ಹಾಸು ಕೂರುತ್ತದೆ. ಅದರ ಮೇಲೆ ಬಿಳಿ ರಂಗೋಲಿಯ ಗೆರೆ, ಆಮೇಲೆ ಬಣ್ಣ. ಮದುವೆಮನೆಯ ಬಾಗಿಲಲ್ಲಿ ಇಂಥದ್ದೊಂದು ಕಂಡರೆ ಮಕ್ಕಳು ಬೆರಳಿಡಲು ಹೋಗುತ್ತಾರೆ, ಯಾರಾದರೂ ಹಿರಿಯರು ಗದರುತ್ತಾರೆ. ತುಮಕೂರಿನಲ್ಲಿ ನಮ್ಮತ್ತೆಯ ಬೀದಿಯಲ್ಲಿ ಹೀಗೆ ಗದರುವ ಅಧಿಕಾರ ಅತ್ತೆಗೇ ಇತ್ತು. ಏಕೆಂದರೆ ಯಾರ ಮನೆಯ ಮದುವೆಯಾದರೂ ನೀರಿನ ರಂಗೋಲಿ ಅವರದ್ದೇ.

ಇತ್ತು, ಅಂದೆ. ಕಳೆದ ವರ್ಷ ಅತ್ತೆಗೆ ಸಣ್ಣದೊಂದು ಸ್ಟ್ರೋಕ್ ಆಯಿತು. ಬಲಗೈ ಕೆಲವು ವಾರ ಹೇಳಿದ ಮಾತು ಕೇಳಲಿಲ್ಲ. ಆಮೇಲೆ ನಿಧಾನವಾಗಿ ಕೇಳತೊಡಗಿತು. ಡಾಕ್ಟರು ಹೇಳಿದ್ದೂ ಫಿಸಿಯೋಥೆರಪಿಯವರು ಹೇಳಿದ್ದೂ ಒಂದೇ. ಕೈ ಬಹಳ ಮಟ್ಟಿಗೆ ಸರಿಹೋಗಿದೆ, ಇನ್ನು ಬಳಸುತ್ತಾ ಹೋಗಬೇಕು ಅಷ್ಟೆ.

ಆದರೆ ಅತ್ತೆ ನಂಬಬೇಕಲ್ಲ? ಮೂರು ತಿಂಗಳು ನಮ್ಮ ಜೊತೆ ಇರಲಿ ಎಂದು ಕರೆಸಿಕೊಂಡಾಗ ವಿಮಾನದಿಂದ ಇಳಿದದ್ದು ಬೇರೆಯೇ ಅತ್ತೆ. ಬಲಗೈ ಸದಾ ಶಾಲಿನೊಳಗೆ. ಊಟಕ್ಕೆ ಸ್ಪೂನು, ಅದೂ ಎಡಗೈಯಲ್ಲಿ. ತುಮಕೂರಿನಲ್ಲಿ ಒಮ್ಮೆ ನೆಂಟರ ಮುಂದೆ ಸಾರಿನ ಸೌಟು ಕೈ ಜಾರಿತಂತೆ, ಅಂದಿನಿಂದ ಹೀಗೆ. ಕಾಫಿ ಕೂಡ ಬಗ್ಗಿಸುವುದಿಲ್ಲ. ಡಿಕಾಕ್ಷನ್, ಹಾಲು ಎಲ್ಲ ಸಿದ್ಧವಾದ ಮೇಲೆ, "ನೀನೇ ಬಗ್ಗಿಸಮ್ಮ ಶುಭಾ" ಎಂದು ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಲೋಟವನ್ನು ಅಷ್ಟೆತ್ತರಕ್ಕೆ ಎತ್ತಿ ನೊರೆ ಬರಿಸುತ್ತಿದ್ದ ಹೆಂಗಸು.

ನಾವಾದರೂ ಏನು ಮಾಡಿದೆವು? ಒಳ್ಳೆಯ ಮಗ, ಒಳ್ಳೆಯ ಸೊಸೆ ಮಾಡುವುದನ್ನೇ ಮಾಡಿದೆವು. ಅತ್ತೆ ಚಾಕು ಹಿಡಿದರೆ "ಬಿಡಿ ಅತ್ತೆ". ಸೀರೆ ಮಡಚಿದರೆ "ಬಿಡಿ ಅತ್ತೆ". ನನ್ನ ಗಂಡ ಪ್ರಶಾಂತ ಒಂದು ಹೆಜ್ಜೆ ಮುಂದೆ ಹೋಗಿ, ಚೆಲ್ಲದಿರಲಿ ಎಂದು ಮುಚ್ಚಳವಿರುವ ಪ್ಲಾಸ್ಟಿಕ್ ಕಪ್ ತಂದುಕೊಟ್ಟ. ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಅದರಲ್ಲೇ ಕಾಫಿ ಕುಡಿದರು. ನನಗೆ ಆ ಕಪ್ಪನ್ನು ಕಿಟಕಿಯಿಂದ ಆಚೆ ಎಸೆಯಬೇಕು ಅನ್ನಿಸಿತು. (ಎಸೆಯಲಿಲ್ಲ. ಇಲ್ಲಿ ಪ್ಲಾಸ್ಟಿಕ್ ಎಸೆಯುವುದಕ್ಕೂ ಬೇರೆಯದೇ ಡಬ್ಬವಿದೆ.)

ಅಷ್ಟರಲ್ಲಿ ದೀಪಾವಳಿ ಹತ್ತಿರ ಬಂತು. ಇಲ್ಲಿನ ಕನ್ನಡದ ಮನೆಗಳವರೆಲ್ಲ ಸೇರಿ ಹಾಲೊಂದನ್ನು ಬಾಡಿಗೆಗೆ ಹಿಡಿದು ಹಬ್ಬ ಮಾಡುವುದು ರೂಢಿ. ಅದರ ಉಸ್ತುವಾರಿಯ ವೀಣಾ ಫೋನ್ ಮಾಡಿ, "ನಿಮ್ಮತ್ತೆ ನೀರಿನ ಮೇಲೆ ರಂಗೋಲಿ ಹಾಕ್ತಾರಂತಲ್ಲ, ಬಾಗಿಲಲ್ಲಿ ಒಂದು ಹಾಕ್ತಾರಾ, ಕೇಳಿ ಹೇಳ್ತೀರಾ?" ಅಂದಳು. ಫೋನು ಸ್ಪೀಕರಿನಲ್ಲಿತ್ತು. ನಾನು ಏನೋ ನೆಪ ಹುಡುಕುತ್ತಿದ್ದೆ. ಅತ್ತೆ ಸೋಫಾದ ಮೂಲೆಯಲ್ಲಿ ಕೂತಿದ್ದರು.

ಅಲ್ಲಿಂದಲೇ ಕೇಳಿದರು. "ಇಲ್ಲಿ ಇದ್ದಿಲು ಸಿಗುತ್ತೇನಮ್ಮ?"

ಸಿಗುತ್ತದೆ. ಬೇಸಿಗೆಯಲ್ಲಿ ಮಾಂಸ ಸುಡಲು ಇಡೀ ಸ್ವೀಡನ್ ಇದ್ದಿಲು ಕೊಳ್ಳುತ್ತದೆ. ನಮ್ಮ ಬಾಲ್ಕನಿಯಲ್ಲೂ ಅರ್ಧ ಚೀಲ ಉಳಿದಿತ್ತು. (ನಾವು ಸುಡುವುದು ಜೋಳ ಮತ್ತು ಬದನೆಕಾಯಿ.) ಪ್ರಶಾಂತ ಅದನ್ನು ಕುಟ್ಟಿ ಪುಡಿ ಮಾಡಿದ. ಬಿಳಿ ಅಡುಗೆಮನೆಯ ತುಂಬ ಅವನ ಬೆರಳಚ್ಚು. ರಂಗೋಲಿ ಪುಡಿ ಅತ್ತೆಯ ಸೂಟ್‌ಕೇಸಿನಲ್ಲೇ ಬಂದಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ಬಿಳಿ ಪುಡಿ ತುಂಬಿಕೊಂಡು ಏರ್‌ಪೋರ್ಟ್ ದಾಟಿದ್ದಾರೆ ನಮ್ಮತ್ತೆ, ಎಂಟೆದೆ ಅವರದು. ಕೈಗೆ ಮಾತ್ರ ಧೈರ್ಯವಿಲ್ಲ. ಆದರೂ ಪುಡಿ ತಂದಿದ್ದರು, ನೋಡಿ. ನಂಬಿಕೆ ಪೂರ್ತಿ ಹೋಗಿದ್ದರೆ ತರುತ್ತಿದ್ದರೇ?

ಹಬ್ಬಕ್ಕೆ ಒಂದು ವಾರ ಮೊದಲು ಮನೆಯಲ್ಲಿ ಒಮ್ಮೆ ಹಾಕಿ ನೋಡೋಣ ಅಂದರು. ಊರಿನಲ್ಲಿ ಅವರು ಹಾಕುವುದು ಹಿತ್ತಾಳೆಯ ಪರಾತದಲ್ಲಿ. ಅಷ್ಟಗಲದ್ದು ನಮ್ಮಲ್ಲಿದ್ದದ್ದು ಸ್ಟೀಲಿನ ಸಲಾಡ್ ಬೋಗುಣಿ ಒಂದೇ. ಡಿಶ್‌ವಾಷರ್‌ನಿಂದ ಆಗಷ್ಟೇ ತೆಗೆದದ್ದು, ಮುಖ ನೋಡಿಕೊಳ್ಳುವಷ್ಟು ಫಳಫಳ. ನೀರು ತುಂಬಿ, ಕಿಟಕಿಯ ಹತ್ತಿರ ಇಟ್ಟೆವು.

ಅತ್ತೆ ಶಾಲಿನಿಂದ ಬಲಗೈ ತೆಗೆದರು. ಆ ಕೈಯನ್ನು ಅಷ್ಟು ಹೊತ್ತು ನೋಡಿದ್ದು ನಾನು ಅಂದೇ ಮೊದಲು. ಇದ್ದಿಲ ಹಾಸು ಕೂತಿತು, ಆದರೆ ಅಲ್ಲಲ್ಲಿ ಹರಿದಂತೆ. ಅತ್ತೆ ಹುಬ್ಬು ಗಂಟಿಕ್ಕಿದರು. ಹೆಬ್ಬೆರಳು ತೋರುಬೆರಳ ನಡುವೆ ಪುಡಿ ಹಿಡಿದು ಕೊಕ್ಕು ಬಿಡಿಸಿದರು, ಕತ್ತು ಬಿಡಿಸಿದರು. ಬಾಲಕ್ಕೆ ಬರುವಷ್ಟರಲ್ಲಿ ಹಾಸಿನ ಒಂದು ಬದಿ ಜಗ್ಗಿತು. ನವಿಲು ಕತ್ತು ಮುಂದಾಗಿ ಒಳಗೆ ಇಳಿಯಿತು. ಬೋಗುಣಿಯ ತಳದಲ್ಲಿ ಬೂದಿಬಣ್ಣದ ಕೆಸರು ಉಳಿಯಿತು.

"ಪಾತ್ರೆ ಸರಿಯಾಗಿ ತೊಳೆದಿಲ್ಲ ಅನ್ಸುತ್ತೆ ಅಮ್ಮ" ಅಂದ ಪ್ರಶಾಂತ. ಮತ್ತೆ ಡಿಶ್‌ವಾಷರಿಗೆ ಹಾಕಿದ, ಈ ಸಲ ಅತಿ ಜೋರಿನ ಪ್ರೋಗ್ರಾಮಿಗೆ. ಎರಡನೇ ಸಲ ಇದ್ದಿಲ ಪುಡಿಯೇ ನಿಲ್ಲಲಿಲ್ಲ. ಉದುರಿಸಿದ್ದೆಲ್ಲ ನೆನೆದು ಎಳೆ ಎಳೆಯಾಗಿ ಕೆಳಗಿಳಿಯಿತು.

ಅತ್ತೆ ಬೆರಳಿಗಂಟಿದ ಪುಡಿಯನ್ನು ಒರೆಸಿಕೊಂಡರು. ಕೈ ಶಾಲಿನೊಳಗೆ ಹೋಯಿತು.

"ಪುಡಿ ಉದುರಿಸೋದು ಅಂದ್ರೆ ಉಸಿರು ಬಿಟ್ಟ ಹಂಗಿರಬೇಕು. ನನ್ನ ಕೈ ಈಗ ಕಲ್ಲು ಎಸೆದ ಹಂಗೆ ಎಸೀತಾ ಇದೆ. ಹೋಯ್ತು ಕಣಮ್ಮ ಕೈ. ವೀಣಂಗೆ ಫೋನ್ ಮಾಡಿ ಬೇಡ ಅಂದುಬಿಡು."

ನಾನು ಸೋಮವಾರ ಮಾಡುತ್ತೇನೆ ಅಂದೆ. ಬೋಗುಣಿಯಲ್ಲಿ ಮುಳುಗಿದ್ದು ಬರೀ ರಂಗೋಲಿಯಾಗಿದ್ದರೆ ಇನ್ನೊಂದು ಹಾಕಬಹುದಿತ್ತು. ಅತ್ತೆ ಇನ್ನು ಈ ಕೈಯನ್ನು ಯಾವುದಕ್ಕೂ ಕರೆಯುವುದಿಲ್ಲ ಎಂದು ನನಗೆ ಗೊತ್ತಾಗಿತ್ತು. ಡಾಕ್ಟರು ಹೆದರಿಸಿದ್ದೂ ಅದನ್ನೇ ಹೇಳಿ. ಬಳಸದೆ ಬಿಟ್ಟರೆ ಕೈ ನಿಜಕ್ಕೂ ಮರೆತುಬಿಡುತ್ತದೆ.

ಮಾರನೆಯ ದಿನ ಭಾನುವಾರ. ಈಗ ನಮ್ಮ ಮಗಳು ಇಳಾಳನ್ನು ಪರಿಚಯಿಸಬೇಕು. ಏಳು ವರ್ಷ. ಗೊಂಬೆಗಳ ಜೊತೆ ಸ್ವೀಡಿಷ್, ಅಪ್ಪನ ಜೊತೆ ಇಂಗ್ಲಿಷ್, ಹಸಿವಾದರೆ ಕನ್ನಡ. ಶಾಲೆಯಲ್ಲಿ ಟೀಚರು ಮನೆಯಲ್ಲಿ ನೀರಿನ ಜೊತೆ ಆಡಿ ಬನ್ನಿ ಅಂದಿದ್ದರಂತೆ. ಅಡುಗೆಮನೆಯ ಟೇಬಲ್ಲು ಬೆಳಿಗ್ಗೆಯೇ ಅವಳ ವಶವಾಯಿತು.

ಮೊದಲು ನಾಣ್ಯದ ಆಟ. ನಾಣ್ಯದ ಮೇಲೆ ಹನಿ ಹನಿ ನೀರು ಬಿಡುತ್ತಾ ಹೋಗುವುದು. ಆದರೆ ಈ ದೇಶದಲ್ಲಿ ನಾಣ್ಯ ಎಲ್ಲಿಂದ ತರುವುದು? ಇಲ್ಲಿ ಐಸ್‌ಕ್ರೀಮಿನವನೂ ಕಾರ್ಡು ಮುಟ್ಟಿಸು ಅನ್ನುತ್ತಾನೆ. ಮನೆಯೆಲ್ಲ ಜಾಲಾಡಿದರೂ ಸಿಗದೆ, ಕೊನೆಗೆ ಅತ್ತೆಯ ಪರ್ಸಿನಿಂದ ಹುಂಡಿಗೆಂದು ಇಟ್ಟಿದ್ದ ಐದು ರೂಪಾಯಿ ಹೊರಬಂತು. ಅದರ ಮೇಲೆ ನೀರು ಉಬ್ಬಿ ಉಬ್ಬಿ, ಇಡ್ಲಿಯ ಬೆನ್ನಿನ ಹಾಗೆ ಗುಂಡಗೆ ನಿಂತಿತು. ಚೆಲ್ಲಲಿಲ್ಲ. ಅತ್ತೆ ಸೋಫಾ ಬಿಟ್ಟು ಬಂದು ಟೇಬಲ್ಲಿನ ಹತ್ತಿರ ಕೂತರು.

ಆಮೇಲೆ ಹುಟ್ಟುಹಬ್ಬದಲ್ಲಿ ಉಳಿದಿದ್ದ ಪೇಪರ್ ತಟ್ಟೆಯಲ್ಲಿ ನೀರು ಹಾಕಿ ಮೆಣಸಿನ ಪುಡಿ ಉದುರಿಸಿದಳು. ಬೆರಳ ತುದಿಗೆ ಒಂದು ತೊಟ್ಟು ಡಿಸ್ಕ್‌ಮೇಡೆಲ್ (ಪಾತ್ರೆ ತೊಳೆಯುವ ಸೋಪಿನ ದ್ರಾವಣಕ್ಕೆ ಇಲ್ಲಿನ ಹೆಸರು) ಹಚ್ಚಿಕೊಂಡು ನಡುವೆ ಇಟ್ಟಳು. ಮೆಣಸೆಲ್ಲ ಬೆದರಿದ ಇರುವೆಗಳಂತೆ ಅಂಚಿಗೆ ಓಡಿತು. ಸ್ವಲ್ಪ ಮುಳುಗಿಯೂ ಹೋಯಿತು.

"ಅಯ್ಯೋ, ಏನಾಯ್ತೇ ಅದಕ್ಕೆ?" ಅತ್ತೆ ಕೇಳಿದರು.

"ವಾಟರ್‌ಗೆ ಸ್ಕಿನ್ ಇದೆ ಅಜ್ಜಿ. ಸೋಪ್ ಬಂದ್ರೆ ಸ್ಕಿನ್ ಬ್ರೇಕ್ ಆಗುತ್ತೆ."

"ಹಾಲಿಗೆ ಕೆನೆ ಕಟ್ಟುತ್ತಲ್ಲ, ಹಂಗಾ?"

"ಹಾಂ. ಬಟ್ ಕಾಣಲ್ಲ."

ನಾವು ಹೈಸ್ಕೂಲಿನಲ್ಲಿ ಮೇಲ್ಮೈ ಎಳೆತ ಎಂದು ಉರು ಹೊಡೆದು ಎರಡು ಅಂಕಕ್ಕೆ ಬರೆದದ್ದು ಇದನ್ನೇ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಮೇಲಿನ ಪದರದಲ್ಲಿ ಆ ಹಿಡಿತ ಒಂದು ತೆಳು ಹೊದಿಕೆಯಂತೆ ಕೆಲಸ ಮಾಡುತ್ತದೆ. ಸೋಪು ನಡುವೆ ಬಂದರೆ ಹಿಡಿತ ಸಡಿಲ. ಪರೀಕ್ಷೆ ಮುಗಿದ ದಿನವೇ ನಾನು ಅದನ್ನು ಮರೆತಿದ್ದೆ, ನೀವೂ ಮರೆತಿರುತ್ತೀರಿ.

ಕೊನೆಯದು ನೀರಿನ ಮೇಲೆ ಪೇಪರ್ ಕ್ಲಿಪ್ ತೇಲಿಸುವುದು. ಇಳಾಗೆ ದೊಡ್ಡ ನೀರೇ ಬೇಕಿತ್ತು. ನಿನ್ನೆಯ ಸಲಾಡ್ ಬೋಗುಣಿ ಮತ್ತೊಮ್ಮೆ ಡಿಶ್‌ವಾಷರಿನ ಸ್ನಾನ ಮುಗಿಸಿ ಕಟ್ಟೆಯ ಮೇಲೆ ಹೊಳೆಯುತ್ತಿತ್ತು. ಅದಕ್ಕೇ ನೀರು ತುಂಬಿದಳು. ಕ್ಲಿಪ್ ಬಿಟ್ಟಳು, ಮುಳುಗಿತು. ನಾಲಿಗೆ ಕಚ್ಚಿಕೊಂಡು ಇನ್ನೂ ಮೆಲ್ಲಗೆ ಬಿಟ್ಟಳು, ಮುಳುಗಿತು. ಮೂಗಿನ ತುದಿ ಕೆಂಪಾಗತೊಡಗಿತು.

"ಅಜ್ಜಿ, ನೀನು ಮಾಡು."

ಅತ್ತೆ ಎಡಗೈ ಚಾಚಿದರು.

"ಆ ಕೈ ಅಲ್ಲ. ಇನ್ನೊಂದು."

ನಾನೂ ಪ್ರಶಾಂತನೂ ಇಷ್ಟು ದಿನ ಹೇಳಲಾರದೆ ಸುತ್ತಿ ಬಳಸಿ ಓಡಾಡುತ್ತಿದ್ದ ಮಾತು. ನಾನು ಒಲೆಯ ಹತ್ತಿರ ನಿಂತು ನೋಡುತ್ತಿದ್ದೆ. ಮೊಮ್ಮಗಳು ಅಳುವ ಹಂತದಲ್ಲಿದ್ದಳು, ಅತ್ತೆಗೆ ಬೇರೆ ದಾರಿಯಿರಲಿಲ್ಲ. ಬಲಗೈ ಹೊರಬಂತು. ಕ್ಲಿಪ್ಪನ್ನು ನೀರಿನ ಮೇಲೆ ಮಲಗಿಸಿದರು. ಮುಳುಗಿತು.

"ನೋಡಿದ್ಯಾ ಪುಟ್ಟಿ, ಅಜ್ಜಿ ಕೈ ಕೆಟ್ಟೋಗಿದೆ" ಅಂದರು. ನಗುತ್ತಲೇ ಅಂದರು.

ಇಳಾ ಅವರನ್ನು ದುರುಗುಟ್ಟಿ ನೋಡಿದಳು. "ನಂದೂ ಮುಳುಗ್ತು. ನನ್ನ ಕೈಗೂ ಸ್ಟ್ರೋಕ್ ಆಗಿದ್ಯಾ?"

ಇಳಾ ಕುರ್ಚಿಯಿಂದ ಇಳಿದು ದೇವರ ಗೂಡಿಗೆ ಹೋಗಿ ಅತ್ತೆಯ ಹಿತ್ತಾಳೆ ಹರಿವಾಣ ಎತ್ತಿಕೊಂಡು ಬಂದಳು. ಊರಿನಿಂದ ತಂದದ್ದು, ಪೂಜೆಗೆ ಹೂವಿಡುವ ತಟ್ಟೆ. ಅದನ್ನು ಅತ್ತೆ ಡಿಶ್‌ವಾಷರಿಗೆ ಹಾಕಲು ಬಿಟ್ಟವರಲ್ಲ. ಎಡಗೈಯಲ್ಲಾದರೂ ಸರಿ, ತಾವೇ ಹುಣಸೆಹಣ್ಣು ಹಾಕಿ ಉಜ್ಜಿ, ಬರೀ ನೀರಲ್ಲಿ ತೊಳೆದಿಡುತ್ತಿದ್ದರು. ಇಳಾಗೆ ಅದೆಲ್ಲ ಗೊತ್ತಿರಲಿಲ್ಲ. ಅವಳಿಗೆ ಬೇರೆ ಪಾತ್ರೆ ಬೇಕಿತ್ತು ಅಷ್ಟೆ.

ಹರಿವಾಣಕ್ಕೆ ನೀರು ಬಂತು. ಕ್ಲಿಪ್ಪನ್ನು ಒರೆಸಿ ಅಜ್ಜಿಯ ಬಲಗೈಗೆ ಕೊಟ್ಟಳು. ಅತ್ತೆಯ ಬೆರಳು ನೀರಿನ ಹತ್ತಿರ ಬರುವಾಗ ಸ್ವಲ್ಪ ನಡುಗಿತು. ಕ್ಲಿಪ್ ನೀರನ್ನು ಮುಟ್ಟಿತು, ಬೆರಳು ಬಿಟ್ಟಿತು.

ತೇಲಿತು.

ಕ್ಲಿಪ್ಪಿನ ಸುತ್ತ ನೀರು ಸಣ್ಣಗೆ ತಗ್ಗಿ, ಹಾಸಿಗೆಯ ಮೇಲೆ ಮಗು ಮಲಗಿದಂತೆ ಅದನ್ನು ಹೊತ್ತುಕೊಂಡಿತ್ತು. ಅತ್ತೆ ಬಗ್ಗಿ ನೋಡಿದರು. ಇಳಾ ಹರಿವಾಣವನ್ನು ನೋಡಿದಳು, ಬೋಗುಣಿಯನ್ನು ನೋಡಿದಳು, ಮೆಣಸಿನ ತಟ್ಟೆಯನ್ನು ನೋಡಿದಳು. ಆಮೇಲೆ ಬೋಗುಣಿಯ ಕಡೆ ಬೆರಳು ತೋರಿಸಿದಳು. "ಅದರಲ್ಲಿ ಡಿಸ್ಕ್‌ಮೇಡೆಲ್ ಇದೆ. ಅಜ್ಜಿ, ಕೈದು ತಪ್ಪಲ್ಲ. ಪಾತ್ರೆದು ತಪ್ಪು."

ನಾನು ಪ್ರಶಾಂತನನ್ನು ಕರೆದೆ. ಕರೆದ ಧ್ವನಿ ಕೇಳಿಯೇ ಅವನು ಓಡಿಬಂದ. ವಿಚಾರಣೆ ನಡೆಯಿತು. ಡಿಶ್‌ವಾಷರಿನಲ್ಲಿ ಸೋಪಿನ ಮಾತ್ರೆ ಒಂದು, ಕೊನೆಯ ಸುತ್ತಿನಲ್ಲಿ ಹೊಳಪು ಕೊಡಲು ಸುರಿಯುವ ದ್ರಾವಣ ಇನ್ನೊಂದು. ಆ ಎರಡನೆಯದರ ಗುಂಡಿಯನ್ನು ಈ ಮಹಾಶಯ ಕೊನೆಯ ಅಂಕಿಗೆ ತಿರುಗಿಸಿಟ್ಟಿದ್ದ. ಗ್ಲಾಸುಗಳ ಮೇಲೆ ಒಂದು ಕಲೆಯೂ ಇರಬಾರದಂತೆ. ಬಾಟಲಿಯ ಹಿಂದೆ ಬರೆದಿದ್ದನ್ನು ಅವನೇ ಗಟ್ಟಿಯಾಗಿ ಓದಿದ. ನೀರು ಹನಿಗಟ್ಟದೆ ಹರಡಿ ಜಾರಿಹೋಗುವಂತೆ ಮಾಡುವುದೇ ಅದರ ಕೆಲಸ. ಅಂದರೆ ನೀರಿನ ಆ ಹಿಡಿತವನ್ನು ಬಿಡಿಸಲೆಂದೇ ದುಡ್ಡು ಕೊಟ್ಟು ತಂದದ್ದು. ನಾವು ಬೋಗುಣಿಯನ್ನು ಹೆಚ್ಚು ಹೆಚ್ಚು ತೊಳೆದಷ್ಟೂ ಅತ್ತೆಯ ನವಿಲು ಬೇಗ ಬೇಗ ಮುಳುಗುತ್ತಿತ್ತು.

"ಪರಾತಕ್ಕೆ ನಾನು ಯಾವತ್ತೂ ಹುಣಸೆಹಣ್ಣೇ ಹಾಕೋದು" ಅಂದರು ಅತ್ತೆ ನಿಧಾನವಾಗಿ. "ರಂಗೋಲಿ ಹಾಕೋ ಪಾತ್ರೆಗೆ ಸೋಪು ತಾಗಿಸಬೇಡ ಅಂತ ನಮ್ಮತ್ತೆ ಹೇಳಿದ್ರು. ಮಡಿಗೆ ಅಂದ್ಕೊಂಡಿದ್ದೆ. ಯಾಕೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ."

ಮತ್ತೆ ನಾವು ಯಾರೂ ಹೇಳದೆಯೇ ಅತ್ತೆ ಎದ್ದರು. ಡಬ್ಬದಿಂದ ಹುಣಸೆಹಣ್ಣು ತೆಗೆದು ಬೋಗುಣಿಗೆ ಹಾಕಿ ಉಜ್ಜತೊಡಗಿದರು. ಬಲಗೈಯಲ್ಲಿ. "ಬಿಡಿ ಅತ್ತೆ" ಎಂಬ ಮಾತು ಅಭ್ಯಾಸಬಲದಿಂದ ನನ್ನ ಬಾಯಿಗೆ ಬಂತು. ಪ್ರಶಾಂತ ನನ್ನ ಮೊಣಕೈ ತಿವಿದ. ನುಂಗಿಕೊಂಡೆ.

ಬಿಸಿನೀರಲ್ಲಿ ತೊಳೆದರು, ತಣ್ಣೀರಲ್ಲಿ ತೊಳೆದರು, ಬೆರಳಿಂದ ಉಜ್ಜಿ ಕಿರ್ ಎನ್ನುವವರೆಗೆ ತೊಳೆದರು. ನೀರು ತುಂಬಿ ಕಿಟಕಿಯ ಹತ್ತಿರ ಇಟ್ಟೆವು. ನವೆಂಬರಿನ ಮಧ್ಯಾಹ್ನ, ಬೆಳಕು ಆಗಲೇ ಗಂಟುಮೂಟೆ ಕಟ್ಟುತ್ತಿತ್ತು. ಇಳಾ ಟೇಬಲ್ ಲ್ಯಾಂಪ್ ತಂದು ಹಿಡಿದಳು.

ಇದ್ದಿಲ ಹಾಸು ಒಂದೇ ಸಮನೆ ಕೂತಿತು, ಅಂಚಿನಿಂದ ಅಂಚಿಗೆ. ಕೊಕ್ಕು ಬಂತು, ಕಣ್ಣು ಬಂತು, ಕತ್ತು ಬಂತು. ಬಾಲದ ಗೆರೆ ಎಳೆಯುವಾಗ ಕೈ ನಡುಗಿತು. ಗೆರೆ ಒಂದು ಕಡೆ ಡೊಂಕಾಯಿತು. ಅದು ನನಗೂ ಕಂಡಿತು, ಅವರಿಗೂ ಕಂಡಿತು. ಅತ್ತೆ ನಿಲ್ಲಿಸಿದರು. ಅಷ್ಟು ಹೊತ್ತಿನಲ್ಲಿ ಹೆಚ್ಚು ಭಯಪಟ್ಟದ್ದು ನಾನು ಆ ಕ್ಷಣಕ್ಕೇ. ಈಗ ಬೋಗುಣಿಯ ಮೇಲೆ ಹಾಕಲು ತಪ್ಪೇನೂ ಉಳಿದಿರಲಿಲ್ಲ.

ಅತ್ತೆ ಡೊಂಕಾದ ಗೆರೆಯ ಪಕ್ಕದಲ್ಲೇ ಅದರಂತೆಯೇ ಇನ್ನೊಂದು ಗೆರೆ ಎಳೆದರು. ಅದರ ಪಕ್ಕ ಮತ್ತೊಂದು. ಬಾಲವೆಲ್ಲ ಅದೇ ಬಳುಕಿನಲ್ಲಿ ತುಂಬಿತು. ಬಣ್ಣ ಹಾಕಿ ಮುಗಿಸಿ ಕೈ ಕೊಡವಿ ಹಿಂದೆ ಸರಿದು ನಿಂತರು.

"ಮುಂಚಿನ ಹಂಗಿಲ್ಲ" ಅಂದರು. ಸ್ವಲ್ಪ ಹೊತ್ತು ನೋಡಿದರು. "ಆದ್ರೆ ನಿಂತಿದೆ."

ನಾನು ಸಿಂಕಿನ ಕಡೆ ತಿರುಗಿ, ಬೇಡದಿದ್ದರೂ ನಲ್ಲಿ ಬಿಟ್ಟು ಕೈ ತೊಳೆದುಕೊಂಡೆ. ಮಗಳು ನೋಡಿದರೆ ಪ್ರಶ್ನೆ ಕೇಳುತ್ತಾಳೆ. ಸಂತೋಷಕ್ಕೆ ಅಳು ಯಾಕೆ ಬರುತ್ತದೆ ಎನ್ನುವುದನ್ನು ಟೀಚರು ಇನ್ನೂ ಹೇಳಿಕೊಟ್ಟಿಲ್ಲ.

ವೀಣಾಗೆ ನಾನು ಫೋನ್ ಮಾಡಲಿಲ್ಲ. ಹಬ್ಬದ ದಿನ ಅತ್ತೆ ಕೈಚೀಲದಲ್ಲಿ ಹುಣಸೆಹಣ್ಣಿನ ಡಬ್ಬ ಇಟ್ಟುಕೊಂಡು ಟ್ರಾಮ್ ಹತ್ತಿದರು. ಬೋಗುಣಿಯನ್ನು ಮನೆಯಲ್ಲಿ ಉಜ್ಜಿದ್ದು ಸಾಲದೆಂದು ಹಬ್ಬದ ಹಾಲ್‌ನ ಅಡುಗೆಮನೆಯಲ್ಲಿ ಮತ್ತೊಮ್ಮೆ ಉಜ್ಜಿದರು. ಬಾಗಿಲಲ್ಲಿ ನವಿಲು ಸಂಜೆಯವರೆಗೂ ತೇಲಿತು. ಯಾರದೋ ಮನೆಯ ಮಗು ಬೆರಳಿಡಲು ಹೋಯಿತು. ಅತ್ತೆ ಅಚ್ಚ ತುಮಕೂರಿನ ಧ್ವನಿಯಲ್ಲಿ ಗದರಿದರು. ಅಷ್ಟು ಇಂಪಾದ ಗದರಿಕೆಯನ್ನು ನಾನು ಈಚೆಗೆ ಕೇಳಿರಲಿಲ್ಲ.

ಅಂದಿನಿಂದ ನಾನು ಸುಮಾರು ಯೋಚಿಸಿದ್ದೇನೆ. ಆ ಹೊಳಪಿನ ದ್ರಾವಣದ ಉದ್ದೇಶ ಕೆಟ್ಟದ್ದೇ? ಅಲ್ಲ, ಗ್ಲಾಸು ಫಳಫಳ ಇರಲಿ ಅಂತ. ನಮ್ಮ "ಬಿಡಿ ಅತ್ತೆ"ಯ ಉದ್ದೇಶ ಕೆಟ್ಟದ್ದೇ? ಅದೂ ಅಲ್ಲ, ಅವರಿಗೆ ಕಷ್ಟವಾಗದಿರಲಿ ಅಂತ. ಎರಡನ್ನೂ ಕೊನೆಯ ಅಂಕಿಗೆ ತಿರುಗಿಸಿಟ್ಟಿದ್ದೆವು. ಮೇಲೆ ನಿಲ್ಲಬೇಕಾದದ್ದು ನಿಲ್ಲದೆ ಜಾರುತ್ತಿತ್ತು. ಜಾರಿದ್ದಕ್ಕೆ ಅತ್ತೆ ತಮ್ಮ ಕೈಯನ್ನು ಬೈದುಕೊಳ್ಳುತ್ತಿದ್ದರು, ನಾವು ಪಕ್ಕದಲ್ಲಿ ನಿಂತು ಪಾಪ ಅನ್ನುತ್ತಿದ್ದೆವು.

ಹಾಗೆಂದು ಅತ್ತೆಯ ಕೈ ಮೊದಲಿನಂತಾಗಿದೆ ಎಂದು ಕತೆ ಕಟ್ಟುವುದಿಲ್ಲ. ಮೊನ್ನೆ ಸಾರು ಬಡಿಸುವಾಗ ನನ್ನ ತಟ್ಟೆಗೆ ಬಿದ್ದಷ್ಟೇ ಟೇಬಲ್ಲಿಗೂ ಬಿತ್ತು. ಒರೆಸಿದೆವು, ಊಟ ಮುಂದುವರಿಯಿತು. ಸ್ಪೂನು ಡ್ರಾಯರಿನಲ್ಲಿದೆ. ಮುಚ್ಚಳದ ಕಪ್ಪಿನಲ್ಲಿ ಈಗ ಇಳಾ ಬಣ್ಣದ ಬ್ರಷ್ ಅದ್ದಿಡುತ್ತಾಳೆ.

ಈ ಭಾನುವಾರ ಬೆಳಿಗ್ಗೆ ಅತ್ತೆ ಕಾಫಿ ಬಗ್ಗಿಸಿದರು. ಸ್ವೀಡನ್ನಿನವರು ಫೀಕಾ ಎಂದು ದಿನಕ್ಕೆರಡು ಸಲ ಕೆಲಸ ಬಿಟ್ಟು ಕಾಫಿ ಕುಡಿಯುವ ಜನ, ಆದರೆ ಕಪ್ಪಿನ ಮುಕ್ಕಾಲಿಗೇ ನಿಲ್ಲಿಸುತ್ತಾರೆ. ಅತ್ತೆ ಹಾಗಲ್ಲ. ನನ್ನ ಲೋಟವನ್ನು ಅಂಚಿನವರೆಗೆ ತುಂಬಿ, ಸಾಲದೆಂದು ಮೇಲೆ ಇನ್ನೆರಡು ಹನಿ ಬಿಟ್ಟರು. ಕಾಫಿ ಅಂಚಿನ ಮೇಲೆ ತುಸು ಉಬ್ಬಿ ನಿಂತಿತು. ನಾನು ಕೈ ಹಾಕಲಿಲ್ಲ. ಬಗ್ಗಿ, ಟೇಬಲ್ಲಿನ ಮೇಲಿದ್ದ ಲೋಟಕ್ಕೇ ತುಟಿ ಇಟ್ಟು ಕುಡಿದೆ.

ನಿಮ್ಮ ಮನೆಯಲ್ಲೂ ಯಾರಾದರೂ "ಇನ್ನು ನನ್ನ ಕೈಲಿ ಆಗಲ್ಲ" ಅಂದಿದ್ದಾರಾ? ಪಾತ್ರೆಯನ್ನೊಮ್ಮೆ ಬದಲಿಸಿ ನೋಡಿದಿರಾ?